ಹದ ಕಾಯೋದಿಲ್ಲ, ಪಾರ್ಸೆಲ್ ಕಾಯಿಸುತ್ತದೆ

ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತೇವೆ. ಎಪಿಎಂಸಿ ಹರಾಜಿನಲ್ಲಿ ಖರೀದಿದಾರ ನಮ್ಮ ಚೀಲಕ್ಕೆ ಕೈ ಹಾಕಿ ಕಾಳು ನೋಡಿದ ಮೇಲೇ ರೇಟು ಕೂಗುತ್ತಾನೆ. ಮೊಬೈಲಿನಲ್ಲಿ ಕೊಳ್ಳುವಾಗ ಮಾತ್ರ ನಾವು ಬರೀ ಚಿತ್ರ ನೋಡಿ ದುಡ್ಡು ಕೊಡುತ್ತೇವೆ. ನಾನೂ ಕೊಟ್ಟವನೇ.

2024ರ ಹಿಂಗಾರಿನಲ್ಲಿ ನಾಲ್ಕು ಎಕರೆ ಎರೆ ಹೊಲಕ್ಕೆ ಕಡಲೆ ಬಿತ್ತಿದ್ದೆ. ಹೂವು ಬಿಡುವ ಹೊತ್ತಿಗೆ ಕಾಯಿಕೊರಕದ ಹುಳು ಕಾಣಿಸಿತು. ಹಳೇ ಪಂಪು ಕೆಟ್ಟು ಕೂತಿತ್ತು. ಮಗ, “ಅಪ್ಪಾ, ಬ್ಯಾಟರಿ ಪಂಪಿಗೆ ಪ್ಯಾಟ್ಯಾಗ ಮೂರು ಸಾವಿರ ಹೇಳ್ತಾರ. ಇದರಾಗ ಹದಿನೆಂಟುನೂರಕ್ಕ ಐತಿ, ಐದು ದಿನದಾಗ ಮನೀಗೇ ಬರತೈತಿ” ಅಂದ. ಹೂಂ ಅಂದೆ.

ಪಂಪು ಬಂದದ್ದು ಹತ್ತೊಂಬತ್ತನೇ ದಿನ. ಅಷ್ಟರಲ್ಲಿ ಹುಳು ಕಾಯಿ ಕೊರೆದಾಗಿತ್ತು. ಬಿಚ್ಚಿ ನೋಡಿದರೆ ಚಾರ್ಜರ್ ಇಲ್ಲ, ಪೈಪು ಸೋರುತ್ತಿತ್ತು. ಪಕ್ಕದ ಹೊಲದವರು ಬಾಡಿಗೆ ಪಂಪು ತಂದು ಒಂದೇ ದಿನದಲ್ಲಿ ಹೊಡೆದು ಮುಗಿಸಿದ್ದರು. ನನಗೆ ಉಳಿದದ್ದು 1,200 ರೂಪಾಯಿ. ಕಳೆದದ್ದು ಮೂರು ಕ್ವಿಂಟಲ್ ಕಡಲೆ. ಆ ಹಿಂಗಾರಿನ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಲೆಕ್ಕ ನೀವೇ ಹಾಕಿ.

ತಡ ಏಕೆ ಆಗುತ್ತದೆ? ಮೊದಲನೆಯದು, ಎಷ್ಟೋ ಮಾರಾಟಗಾರರ ಹತ್ತಿರ ಸಾಮಾನೇ ಇರೋದಿಲ್ಲ. ನಮ್ಮ ಆರ್ಡರ್ ಬಂದ ಮೇಲೆ ಬೇರೆಯವರಿಂದ ತರಿಸುತ್ತಾರೆ. ಎರಡನೆಯದು, ಚೀಟಿ ಹಚ್ಚಿದ ಕೂಡಲೇ ‘ಕಳಿಸಲಾಗಿದೆ’ ಎಂದು ಮೆಸೇಜು ಬರಬಹುದು, ಆದರೆ ಪಾರ್ಸೆಲ್ ಅವರ ಗೋದಾಮಿನಲ್ಲೇ ಇರುತ್ತದೆ. ಮೂರನೆಯದು, ಖಾಸಗಿ ಕೊರಿಯರಿನವರು ಎಲ್ಲ ಹಳ್ಳಿಗೂ ಬರೋದಿಲ್ಲ. ತಾಲ್ಲೂಕಿನಲ್ಲೇ ಇಟ್ಟು ‘ಗಿರಾಕಿ ಸಿಗಲಿಲ್ಲ’ ಎಂದು ಬರೆದು ವಾಪಸ್ ಕಳಿಸುವುದೂ ಉಂಟು. ನಿಮ್ಮ ಪಿನ್‌ಕೋಡಿಗೆ ಬರುತ್ತದೋ ಇಲ್ಲವೋ ಮೊದಲೇ ನೋಡಿ.

ಅದಕ್ಕೇ ನಾನೀಗ ಒಂದು ಕಟ್ಟು ಹಾಕಿಕೊಂಡಿದ್ದೇನೆ. ಬೀಜ, ಔಷಧ, ಪಂಪು, ಕುಂಟೆಯ ತಾಳು, ಹೀಗೆ ಹದಕ್ಕೆ ಬೇಕಾದ್ದನ್ನು ಊರ ಹತ್ತಿರದ ಅಂಗಡಿಯಲ್ಲಿ, ಬಿಲ್ಲು ಪಡೆದು ತರುತ್ತೇನೆ. ತಿಂಗಳು ತಡವಾದರೂ ನಡೆಯುವ ಟಾರ್ಚು, ತಾಡಪಾಲು ಇಂಥವನ್ನು ಮಾತ್ರ ತರಿಸುತ್ತೇನೆ. ಅದನ್ನೂ ಸಾಮಾನು ಮನೆಗೆ ಬಂದ ಮೇಲೆ ದುಡ್ಡು ಕೊಡುವ ಹಾಗೆ. ಪೊಟ್ಟಣ ಬಿಚ್ಚುವಾಗ ಮಗ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾನೆ. ಸಾಮಾನು ಕಮ್ಮಿ ಬಂದರೆ ಅದೇ ಸಾಕ್ಷಿ.

ಮೋಸವಾದರೆ ಸುಮ್ಮನೆ ಕೂರಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರಾಟಗಾರನ ಹೆಸರು, ವಿಳಾಸ ತೋರಿಸಬೇಕು. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.

ಇನ್ನೊಂದು ಗುಂಡಿ ಇದೆ. ಪಂಪು ಕೆಟ್ಟಾಗ ಮಗ ಗೂಗಲ್‌ನಲ್ಲಿ ಹುಡುಕಿ ಒಂದು ನಂಬರಿಗೆ ಫೋನ್ ಮಾಡಿದ. ಆ ಕಡೆಯವನು, ದುಡ್ಡು ವಾಪಸ್ ಹಾಕುತ್ತೇನೆ, ಪಿನ್ ಒತ್ತಿ ಅಂದ. ಹೈಸ್ಕೂಲಿಗೆ ಹೋಗುವ ಮೊಮ್ಮಗಳು, “ಅಜ್ಜಾ, ದುಡ್ಡು ಬರಾಕ ಪಿನ್ ಯಾಕ ಬೇಕು?” ಅಂದಳು. ಬಚಾವಾದೆವು. ದುಡ್ಡು ಕೊಡುವಾಗ ಮಾತ್ರ ಪಿನ್ ಬೇಕು, ಬರುವಾಗ ಬೇಡ. ಹಾಗೇನಾದರೂ ದುಡ್ಡು ಹೋದರೆ ತಡಮಾಡದೆ 1930ಕ್ಕೆ ತಿಳಿಸಿ.

ಅಗ್ಗದ ಸಾಮಾನು ಬೇಡ ಎಂದು ನಾನು ಹೇಳುತ್ತಿಲ್ಲ. ಬೆಲೆ ಕೇಳುವಾಗ ಅದರ ಪಕ್ಕದಲ್ಲಿ ದಿನದ ಲೆಕ್ಕವನ್ನೂ ಬರೆದು ನೋಡಿ. ಮಳೆಯಾಧಾರದ ನಮಗೆ ದಿನವೇ ದುಡ್ಡು.