ಕೊಪ್ಪಳದ ಬಂಡೆಯೂ ಲಂಕೆಯ ಬೋಧಿವೃಕ್ಷವೂ

ಬೌದ್ಧಕ್ಷೇತ್ರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರವು ಹಿಮದೇಶದ್ದು. ಮಂಜು ಮುಸುಕಿದ ಶಿಖರಗಳು, ಅವುಗಳ ಮಡಿಲಲ್ಲೊಂದು ಹಳ್ಳಿ, ಅಲ್ಲೊಂದು ವಿಹಾರ, ಅದರ ಅಂಗಳದಲ್ಲಿ ಮುತ್ತಜ್ಜಂದಿರ ಕಾಲದ ವೃಕ್ಷ. ಸ್ಪಿತಿ ಕಣಿವೆಯ ತಾಬೋ ಗ್ರಾಮದಲ್ಲಿ ಕ್ರಿ. ಶ. 996ರಲ್ಲಿ ಸ್ಥಾಪಿತವಾದ ವಿಹಾರವು ಇಂದಿಗೂ ಇರುವದು. ಅದರ ಗೋಡೆಗಳು ಬರಿಯ ಮಣ್ಣಿನವು. ಅಷ್ಟು ದೂರ ಹೋಗಿಬರುವ ಅನುಕೂಲವು ಎಲ್ಲ ಗೃಹಸ್ಥರಿಗೂ ಒದಗಲಾರದು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವಾಚಕರಿಗೆ ತಾಬೋಗಿಂತಲೂ ಸಾವಿರದ ಇನ್ನೂರು ವರ್ಷ ಹಿರಿದಾದ ಬೌದ್ಧಸ್ಥಾನವೊಂದು ಮನೆಯ ಸಮೀಪದಲ್ಲಿಯೇ ಇರುವದು. ಅಲ್ಲಿ ಹಿಮವಿಲ್ಲ, ಗುಡಿಯಿಲ್ಲ, ಹೇಳಿಕೊಳ್ಳುವಂಥ ವೃಕ್ಷವೂ ಇಲ್ಲ. ಬಂಡೆ ಮಾತ್ರ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು, ಅನತಿದೂರದ ಪಾಲ್ಕಿಗುಂಡಿನಲ್ಲಿ ಇನ್ನೊಂದು, ಹೀಗೆ ಅಶೋಕ ಚಕ್ರವರ್ತಿಯ ಎರಡು ಶಾಸನಗಳು ಇಲ್ಲಿ ದೊರೆತಿರುವವು. 1931ರಲ್ಲಿ ಶ್ರೀ ಎನ್. ಬಿ. ಶಾಸ್ತ್ರಿಗಳು ಅವನ್ನು ಕಂಡುಹಿಡಿದರು. ಮರುವರ್ಷ ಟರ್ನರ್ ಎಂಬ ಪಂಡಿತರು ಓದಿ ಪ್ರಕಟಿಸಿದರು. ಲಿಪಿಯು ಬ್ರಾಹ್ಮೀ, ಭಾಷೆಯು ಪ್ರಾಕೃತ.

ಶಾಸನವೆಂದರೆ ದಾನದತ್ತಿಯೋ ಯುದ್ಧವಿಜಯವೋ ಇರುವದೆಂದು ನಾವು ತಿಳಿಯುವೆವು. ಇಲ್ಲಿ ಅಂಥದೇನೂ ಇಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದೂ, ಮೊದಲು ತಕ್ಕಷ್ಟು ಶ್ರಮಿಸಲಿಲ್ಲವೆಂದೂ, ಸಂಘದ ಸಂಪರ್ಕವಾದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮನಃಪೂರ್ವಕವಾಗಿ ಪ್ರಯತ್ನಿಸಿದೆನೆಂದೂ ಅರಸನು ಹೇಳಿಕೊಳ್ಳುವನು. ಜಂಬೂದ್ವೀಪವನ್ನೇ ಆಳುವವನು ತನ್ನ ಆಲಸ್ಯವನ್ನು ಕಲ್ಲಿನ ಮೇಲೆ ಕೊರೆಯಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮುಂದೆ ಬರುವ ಮಾತು ಇನ್ನೂ ದೊಡ್ಡದು: ಈ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸ್ವರ್ಗವು ಸಾಧ್ಯ. ಆ ಸಣ್ಣವನಿಗೆ ಶಾಸನದಲ್ಲಿರುವ ಪದವು 'ಖುದಕ'. ಸಂಸ್ಕೃತದ ಕ್ಷುದ್ರಕವೇ ಅದು. ಕ್ಷುದ್ರನೆಂದರೆ ನಮ್ಮ ಬಾಯಲ್ಲಿ ಇಂದು ಬೈಗಳೇ ಆಗಿಹೋಗಿದೆ. ಈ ಬಂಡೆಯ ಮೇಲೆ ಮಾತ್ರ ಅದಕ್ಕೆ ಎಷ್ಟು ಮರ್ಯಾದೆ!

ಇದನ್ನು ಬರೆದವರು ಯಾರು? ಇಲ್ಲಿಯ ಲಿಪಿಕಾರನ ಹೆಸರು ಉಳಿದಿಲ್ಲ. ಆದರೆ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಇದೇ ಶಾಸನದ ಪ್ರತಿಯೊಂದು 1892ರಲ್ಲಿ ಸಿಕ್ಕಿತು. ಅದರ ಕೊನೆಗೆ ಚಪಡನೆಂಬವನು ತನ್ನ ಹೆಸರು ಹಾಕಿ, 'ಲಿಪಿಕಾರ'ನೆಂಬ ಶಬ್ದವನ್ನು ಖರೋಷ್ಠಿಯಲ್ಲಿ ಬರೆದಿರುವನು. ಬಲದಿಂದ ಎಡಕ್ಕೆ ಸಾಗುವ ಆ ಲಿಪಿಯು ಗಾಂಧಾರದ ಕಡೆಯದು. ಹಿಮದ ಬೆಟ್ಟಗಳ ನೆರೆಯಲ್ಲಿ ಅಕ್ಷರ ಕಲಿತವನೊಬ್ಬನು ನಮ್ಮ ಬಿಸಿಲ ನಾಡಿಗೆ ಬಂದು ಉಳಿ ಹಿಡಿದವರಿಗೆ ಬರೆದುಕೊಟ್ಟನೆಂದು ಊಹಿಸಿದರೆ ತಪ್ಪಾಗಲಾರದು.

ಇನ್ನು ವೃಕ್ಷದ ಮಾತು. ದಾರಿಯುದ್ದಕ್ಕೂ ದನಗಳಿಗೂ ಜನರಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದೆನೆಂದು ಅಶೋಕನೇ ಬೇರೊಂದು ಸ್ತಂಭಶಾಸನದಲ್ಲಿ ಹೇಳಿರುವನು. ಆ ಆಲಗಳು ಎಂದೋ ಮಣ್ಣಾದವು. ಆದರೆ ಅವನ ಕಾಲದ್ದೆಂದು ಪೂಜೆಗೊಳ್ಳುವ ಒಂದು ಮರವು ಜೀವಂತವಾಗಿರುವದು. ಲಂಕೆಯ ಅನುರಾಧಪುರದ ಬೋಧಿವೃಕ್ಷವದು. ಅವನ ಮಗಳು ಸಂಘಮಿತ್ರೆಯು ಬುದ್ಧಗಯೆಯ ಅರಳಿಯ ಕೊಂಬೆಯನ್ನು ಒಯ್ದಳೆಂದು ಆ ದೇಶದ ಪುರಾತನ ಗ್ರಂಥವಾದ ಮಹಾವಂಸವು ಹೇಳುವದು. ಆ ಮರವೂ ಈ ಬಂಡೆಯ ಅಕ್ಷರಗಳೂ ಒಂದೇ ತಲೆಮಾರಿನ ಕೂಸುಗಳು. ಮರಕ್ಕೆ ತಲೆತಲಾಂತರದಿಂದ ನೀರೆರೆದು, ಕಟ್ಟೆ ಕಟ್ಟಿ, ಬಾಗಿದ ಕೊಂಬೆಗಳಿಗೆ ಊರುಗಂಬ ಕೊಟ್ಟು ಜನರು ಕಾಪಾಡಿದರು. ನಮ್ಮ ಬಂಡೆಯಾದರೋ ಯಾರ ಲಕ್ಷ್ಯಕ್ಕೂ ಬಾರದ್ದರಿಂದಲೇ ಉಳಿಯಿತು! 1837ರಲ್ಲಿ ಪ್ರಿನ್ಸೆಪನು ಬ್ರಾಹ್ಮಿಯನ್ನು ಬಿಡಿಸುವವರೆಗೆ ಆ ಲಿಪಿಯನ್ನು ಓದಬಲ್ಲವರು ದೇಶದಲ್ಲಿ ಒಬ್ಬರೂ ಇರಲಿಲ್ಲ.

ಉಪೇಕ್ಷೆಯ ಕಾವಲು ಈಗ ಸಾಲದು. ಪಾಲ್ಕಿಗುಂಡಿನ ಶಾಸನವು ಬಹುಪಾಲು ಸವೆದುಹೋಗಿ, ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ತಿಳಿಯುವಂತಿದೆ. ಮಳೆಗಾಳಿಗಳನ್ನು ತಡೆಯುವದು ನಮ್ಮ ಕೈಯಲ್ಲಿಲ್ಲ. ಹಳೆಯ ಬಂಡೆ ಕಂಡಲ್ಲೆಲ್ಲ ತನ್ನ ಹೆಸರನ್ನು ಕೆತ್ತಿಹೋಗುವ ಹುಡುಗನ ಕೈಯನ್ನು ತಡೆಯುವದು ಅವಶ್ಯವಾಗಿ ನಮ್ಮ ಕೈಯಲ್ಲಿದೆ. ಮನೆಯಲ್ಲಿ ಒಂದು ಮಾತು ಹೇಳಿದರೆ ಸಾಕು.

ಅದೇ ಪಾಲ್ಕಿಗುಂಡಿನ ಬಳಿ ಕಲ್ಲಿನಲ್ಲಿ ಎರಡು ಪಾದಗಳಿವೆ. ಅವು ಜಟಾಸಿಂಹನಂದಿ ಆಚಾರ್ಯರವೆಂದೂ, ಚಾವಯ್ಯನೆಂಬವನು ಮಾಡಿಸಿದನೆಂದೂ ಹಳಗನ್ನಡದ ಬರಹವು ತಿಳಿಸುವದು. 'ವರಾಂಗಚರಿತ'ವೆಂಬ ಸಂಸ್ಕೃತ ಕಾವ್ಯದ ಕರ್ತೃವೇ ಆ ಜೈನ ಮುನಿ. ಬೌದ್ಧನ ಬಂಡೆಯ ಪಕ್ಕದಲ್ಲಿ ಜೈನನ ಪಾದ, ಕೆಳಗೆ ಶ್ರೀ ಗವಿಸಿದ್ಧೇಶ್ವರನ ಮಠ! ಜಾತ್ರೆಗೆ ಲಕ್ಷಾವಧಿ ಜನರು ಕೂಡುವರು. ಅವರಲ್ಲಿ ಬಂಡೆಯವರೆಗೆ ನಡೆಯುವವರು ಎಷ್ಟು ಮಂದಿ?

ಹೋಗುವವರು ಹೊತ್ತೇರುವ ಮುನ್ನವೇ ಹೋಗಬೇಕು. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು, ಮಕ್ಕಳನ್ನಂತೂ ಬಿಟ್ಟುಹೋಗಲಾಗದು. ನಡುಹಗಲಿನ ನೆಟ್ಟ ಬಿಸಿಲಿನಲ್ಲಿ ಕಲ್ಲಿನ ಗೀರುಗಳು ಕಣ್ಣಿಗೆ ಹತ್ತುವದಿಲ್ಲ. ಬೆಳಗಿನ ಓರೆಬೆಳಕು ಬಿದ್ದಾಗ ಅವು ಒಂದೊಂದಾಗಿ ಮೂಡಿಬರುವವು.