ಬಚ್ಚಲುಮನೆಯ ವಿಷಗಾಳಿ ಔಷಧಿ ಆಗುತ್ತಾ?

ಕಳೆದ ಮಳೆಗಾಲ ಬೀರೂರಿಗೆ ಹೋಗಿದ್ದಾಗ ಚಿಕ್ಕಮ್ಮ ಫೋನ್ ಮುಂದೆ ಹಿಡಿದು, "ನೋಡೋ, ನಿನ್ನ ತಲೆ ತಿರುಗಿಸಿ ಬೀಳಿಸಿತ್ತಲ್ಲ ಆ ಗ್ಯಾಸು, ಅದನ್ನೇ ಇನ್ಮೇಲೆ ಔಷಧಿ ಅಂತ ಕೊಡ್ತಾರಂತೆ! ನಿಜಾನಾ?" ಅಂದ್ರು.

ನನ್ನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರಿನ ಬಾಡಿಗೆ ಮನೆ, ಬಚ್ಚಲೊಳಗೇ ಗ್ಯಾಸ್ ಗೀಸರ್, ಚಳಿ ಅಂತ ಮುಚ್ಚಿದ ಕಿಟಕಿ. ಹತ್ತು ನಿಮಿಷಕ್ಕೆ ತಲೆನೋವು, ಆಮೇಲೆ ಕಾಲಲ್ಲಿ ಬಲವೇ ಇಲ್ಲ. ರೂಮ್‌ಮೇಟ್ ಬಾಗಿಲು ಬಡಿದದ್ದರಿಂದ ಬದುಕಿದೆ. ಆ ಅನಿಲ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ.

ಚಿಕ್ಕಮ್ಮನ ಪ್ರಶ್ನೆಗೆ ಅವತ್ತು "ನಿಜ ಇರಬಹುದು" ಅಂದು ತಪ್ಪಿಸಿಕೊಂಡೆ. ಆಮೇಲೆ ಕೂತು ಓದಿದೆ. ನಿಜವೇ. ಆದರೆ ಫಾರ್ವರ್ಡ್ ಮೆಸೇಜಿನಲ್ಲಿ ಹೇಳಿದಷ್ಟು ಸಲೀಸಲ್ಲ.

ಈ ಅನಿಲಕ್ಕೂ ನಮ್ಮ ಸೀಮೆಗೂ ಹಳೇ ನಂಟು. ಬೀರೂರು ಜಂಕ್ಷನ್‌ನಲ್ಲಿ ಶಿವಮೊಗ್ಗದ ಗಾಡಿ ಹತ್ತಿದರೆ ತರೀಕೆರೆ ದಾಟಿ ಭದ್ರಾವತಿ ಸಿಗುತ್ತೆ. 1923ರಲ್ಲಿ ಅಲ್ಲಿನ ಕಾರ್ಖಾನೆ ಕಬ್ಬಿಣ ತೆಗೆಯೋಕೆ ಶುರು ಮಾಡಿದಾಗ ಅದಿರು ಬರುತ್ತಿದ್ದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಬೆಟ್ಟದಿಂದ, ಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಇದ್ದಿಲಿನಿಂದ ಹುಟ್ಟಿದ ಕಾರ್ಬನ್ ಮಾನಾಕ್ಸೈಡೇ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತಿತ್ತು.

ನಮ್ಮ ರಕ್ತದಲ್ಲೂ ಕಬ್ಬಿಣ ಇದೆಯಲ್ಲ, ತೊಂದರೆ ಅಲ್ಲೇ. ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಳ್ಳೋದಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಳ್ಳುತ್ತೆ. ಬಸ್ಸಿನಲ್ಲಿ ಸೀಟು ಹಿಡಿದು ಏಳದೇ ಕೂತವರ ಹಾಗೆ. ಆಮ್ಲಜನಕ ಹತ್ತೋಕೆ ಜಾಗವೇ ಇರಲ್ಲ.

ಹಾಗಾದರೆ ಇದನ್ನು ಔಷಧಿ ಮಾಡೋ ಯೋಚನೆ ಯಾರಿಗಾದರೂ ಯಾಕೆ ಬಂತು?

ಮೇಜಿಗೆ ಮೊಣಕಾಲು ಬಡಿದು ನೀಲಿಗಟ್ಟಿದ್ದು ನೆನಪಿಸಿಕೊಳ್ಳಿ. ನಾಲ್ಕೈದು ದಿನಕ್ಕೆ ಅದು ಹಸಿರಾಗಿ, ಆಮೇಲೆ ಹಳದಿಯಾಗುತ್ತೆ. ಹೆಪ್ಪುಗಟ್ಟಿದ ರಕ್ತದ ಕೆಂಪು ಭಾಗ ಹೀಮ್ ಅನ್ನು ದೇಹ ಒಡೆಯುತ್ತಿರುವ ಗುರುತದು. ಹೀಗೆ ಒಡೆಯುವಾಗ ಪ್ರತಿ ಹೀಮ್‌ನಿಂದಲೂ ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಹೊರಬರುತ್ತೆ. ಅಂದರೆ ನಮ್ಮ ಮೈಯೇ ಈ ವಿಷವನ್ನು ತಯಾರಿಸುತ್ತೆ, ಗಂಟೆಗೆ ಸುಮಾರು 0.4 ಮಿಲಿಲೀಟರ್. ಮೈಯಲ್ಲಿ ಇದು ಹುಟ್ಟುತ್ತೆ ಅಂತ ಸ್ವೀಡನ್ನಿನ ತೊರ್ಗ್ನಿ ಶೋಸ್ಟ್ರಾಂಡ್ 1949ರ ಸುಮಾರಿಗೇ ತೋರಿಸಿದ್ದರು. ಹೀಮ್ ಒಡೆಯುವ ಕಿಣ್ವ ಪತ್ತೆಯಾದದ್ದು 1968ರಲ್ಲಿ. ಬಹಳ ಕಾಲ ಇದು ಬರೀ ಕಸ ಅಂದುಕೊಂಡಿದ್ದರು. ಅತಿ ಸಣ್ಣ ಪ್ರಮಾಣದಲ್ಲಿ ಇದು ರಕ್ತನಾಳವನ್ನು ಸಡಿಲಿಸುತ್ತೆ, ಉರಿಯೂತ ತಗ್ಗಿಸುತ್ತೆ ಅನ್ನೋದು ಆಮೇಲೆ ತಿಳಿಯಿತು.

ಸರಿ, ಮೂಗಿಗೆ ಮಾಸ್ಕ್ ಹಾಕಿ ಸ್ವಲ್ಪ ಗ್ಯಾಸ್ ಕೊಟ್ಟರಾಯ್ತಲ್ಲ? ಅದನ್ನೂ ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ಆದರೆ ಉಸಿರಲ್ಲಿ ಹೋದದ್ದು ಮೊದಲು ಸಿಗೋದು ಹಿಮೋಗ್ಲೋಬಿನ್ನಿಗೆ. ಬೇಕಾದ ಜಾಗಕ್ಕೆ ಬೇಕಾದಷ್ಟು ತಲುಪಿಸೋದು ಕಷ್ಟ. ಅದಕ್ಕೇ ವಿಜ್ಞಾನಿಗಳು ಲೋಹದ ಮೊರೆ ಹೋದರು.

ಲೋಹ ಈ ಅನಿಲವನ್ನು ಹಿಡಿದು, ಹೇಳಿದಾಗ ಬಿಡುತ್ತೆ ಅನ್ನೋದು ಹೊಸ ಮಾತಲ್ಲ. 1890ರಲ್ಲಿ ಲುಡ್ವಿಗ್ ಮಾಂಡ್ ತಂಡ ನಿಕ್ಕಲ್ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದಾಗ ಎರಡೂ ಸೇರಿ ಸುಲಭವಾಗಿ ಆವಿಯಾಗುವ ವಸ್ತುವೊಂದು ಸಿಕ್ಕಿತು. ಅದನ್ನು ಇನ್ನೂ ಕಾಯಿಸಿದರೆ ಅನಿಲ ಬಿಟ್ಟುಹೋಗಿ ಶುದ್ಧ ನಿಕ್ಕಲ್ ಉಳಿಯುತ್ತೆ. ಒಂದು ಬಿಸಿಗೆ ಹಿಡಿತ, ಇನ್ನೊಂದಕ್ಕೆ ಬಿಡುಗಡೆ. ಮನುಷ್ಯನನ್ನು 200 ಡಿಗ್ರಿಗೆ ಕಾಯಿಸೋಕಾಗಲ್ಲ ಅನ್ನೋದೊಂದೇ ತಕರಾರು!

2002ರಲ್ಲಿ, ಆಗ ಲಂಡನ್ನಿನಲ್ಲಿದ್ದ ರೊಬೆರ್ಟೊ ಮೊಟ್ಟರ್ಲಿನಿ ಮತ್ತು ಸಂಗಡಿಗರು ಮೈಯ ಬಿಸಿಯಲ್ಲೇ ಅನಿಲ ಬಿಡಬಲ್ಲ ಲೋಹ ಸಂಯುಕ್ತಗಳನ್ನು ಪ್ರಕಟಿಸಿದರು. ಇವಕ್ಕೆ 'ಕಾರ್ಮ್' ಅಂತ ಹೆಸರು. ಮರುವರ್ಷ ಶೆಫೀಲ್ಡ್‌ನ ರಸಾಯನಶಾಸ್ತ್ರಜ್ಞ ಬ್ರಯನ್ ಮಾನ್ ಜೊತೆಗೂಡಿ 'ಕಾರ್ಮ್-3' ತಂದರು. ನಡುವೆ ರುಥೇನಿಯಂ ಲೋಹದ ಒಂದು ಪರಮಾಣು, ಅದಕ್ಕೆ ಮೂರು ಕಾರ್ಬನ್ ಮಾನಾಕ್ಸೈಡ್, ನೀರಲ್ಲಿ ಕರಗಲಿ ಅಂತ ಪಕ್ಕದಲ್ಲಿ ಗ್ಲೈಸಿನ್ ಅನ್ನುವ ಅಮೈನೊ ಆಮ್ಲ. ರಕ್ತ ಸಿಗದೆ ಬಳಲಿದ ಇಲಿಯ ಹೃದಯವನ್ನು ಅದು ಕಾಪಾಡಿತು. ಪ್ರಪಂಚದ ತುಂಬ ಲ್ಯಾಬ್‌ಗಳು ಈ ಪುಡಿಯನ್ನು ತರಿಸಿಕೊಂಡು ಪ್ರಯೋಗಕ್ಕಿಳಿದವು.

ಇಲ್ಲಿಂದ ಮುಂದಿನದ್ದು ನನಗೆ ತುಂಬಾ ಇಷ್ಟವಾದ ಭಾಗ. ಅನಿಲ ಎಷ್ಟು ಬಿಡುಗಡೆಯಾಯ್ತು ಅಂತ ಅಳೆಯುವ ಪರೀಕ್ಷೆಯಲ್ಲಿ ಡೈಥಯೊನೈಟ್ ಅನ್ನೋ ರಾಸಾಯನಿಕ ಹಾಕುತ್ತಿದ್ದರು. ಆ ಜಾತಿಯ ಗಂಧಕದ ರಾಸಾಯನಿಕಗಳೇ ಅನಿಲವನ್ನು ಹೊರಗೆ ಎಳೆಯುತ್ತಿವೆ ಅಂತ 2012ರಲ್ಲಿ ಒಂದು ಪ್ರಬಂಧ ತೋರಿಸಿತು. ತಕ್ಕಡಿಗೇ ಕಲ್ಲು ಕಟ್ಟಿದ ಹಾಗೆ! ಪ್ರಬಂಧ ಬರೆದವರಲ್ಲಿ ಅದೇ ಬ್ರಯನ್ ಮಾನ್ ಕೂಡ ಇದ್ದರು. ತಾವೇ ಕಟ್ಟಿದ ಅಣುವಿನ ಲೆಕ್ಕ ತಪ್ಪಿದೆ ಅಂತ ತಾವೇ ಹೇಳೋದಕ್ಕೆ ಗಟ್ಟಿತನ ಬೇಕು. 2018ರಲ್ಲಿ ಇನ್ನೊಂದು ಪೆಟ್ಟು. ಕಾರ್ಮ್-3 ಬ್ಯಾಕ್ಟೀರಿಯಾ ಕೊಲ್ಲೋದು ಅನಿಲದಿಂದಲ್ಲ, ಉಳಿದ ರುಥೇನಿಯಂ ಕೋಶದೊಳಗಿನ ಗಂಧಕದ ಗುಂಪುಗಳಿಗೆ ಅಂಟಿಕೊಳ್ಳೋದರಿಂದ ಅಂತ ಗೊತ್ತಾಯಿತು. ಸಾಮಾನು ತಂದ ಗಾಡಿಯೇ ಮನೆಯೊಳಗೆ ನುಗ್ಗಿದಂತೆ.

ಹಾಗಂತ ಲೋಹ ಔಷಧಿಗೆ ಆಗಲ್ಲ ಅಂತಲ್ಲ. ಐಸಿಯುನಲ್ಲಿ ವಿಪರೀತ ಬಿಪಿ ಇಳಿಸೋಕೆ ಕೊಡುವ ನೈಟ್ರೋಪ್ರುಸೈಡ್ ಕಬ್ಬಿಣದ ಸಂಯುಕ್ತವೇ. ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಇನ್ನೊಂದು ಅನಿಲವನ್ನು ರಕ್ತನಾಳಕ್ಕೆ ತಲುಪಿಸುತ್ತೆ. ಜೊತೆಗೆ ಐದು ಸಯನೈಡ್ ಕೂಡ ಹೊತ್ತಿರುತ್ತೆ! ಅದಕ್ಕೇ ಅಳತೆ, ಅವಧಿ ಎರಡರ ಮೇಲೂ ವೈದ್ಯರ ಕಣ್ಣು. ಬೆಳಕಿಗೆ ಕೆಡುತ್ತೆ ಅಂತ ಬಾಟಲಿಗೆ ಹೊದಿಕೆ ಬೇರೆ.

ಆ ಬೆಳಕನ್ನೇ ಈಗ ಕೀಲಿಕೈ ಮಾಡಿಕೊಳ್ಳುವ ಪ್ರಯತ್ನ ನಡೆದಿದೆ. ಬೆಳಕು ಬಿದ್ದರೆ ರಕ್ತ ಕಾರ್ಬನ್ ಮಾನಾಕ್ಸೈಡನ್ನು ಬಿಟ್ಟುಕೊಡುತ್ತೆ ಅಂತ 1890ರ ದಶಕದಲ್ಲೇ ಜೆ.ಎಸ್. ಹಾಲ್ಡೇನ್ ಕಂಡುಕೊಂಡಿದ್ದರು. ಈ ಅನಿಲವನ್ನು ತಾವೇ ಉಸಿರಾಡಿ ಲಕ್ಷಣ ಬರೆದಿಟ್ಟ ಮಹಾನುಭಾವ ಅವರು. ಈಗ ಮ್ಯಾಂಗನೀಸ್‌ನಂಥ ಲೋಹಗಳಿಂದ, ಕತ್ತಲಲ್ಲಿ ಸುಮ್ಮನಿದ್ದು ಬೆಳಕು ಬಿದ್ದಾಗ ಮಾತ್ರ ಅನಿಲ ಬಿಡುವ ಅಣು ಕಟ್ಟುತ್ತಿದ್ದಾರೆ. ನೀಲಿ ಬೆಳಕು ಚರ್ಮದೊಳಗೆ ಹೆಚ್ಚು ಇಳಿಯಲ್ಲ, ಕೆಂಪು ಇಳಿಯುತ್ತೆ. ಹಾಗಾಗಿ ಕೆಂಪಿಗೆ ಓಗೊಡುವ ಅಣು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ವರ್ಷಗಟ್ಟಲೆ ಮಾಡಿದ್ದು ಇದರ ನೆಂಟ ಕೆಲಸ: ಬೆಳಕು ಬಿದ್ದಾಗ ಕ್ಯಾನ್ಸರ್ ಕೋಶದ ಮೇಲೆ ಎರಗುವ ಲೋಹ ಸಂಯುಕ್ತಗಳು.

ಇದುವರೆಗೆ ಯಾವ ಕಾರ್ಮ್ ಕೂಡ ಮೆಡಿಕಲ್ ಶಾಪಿಗೆ ಬಂದಿಲ್ಲ. ನನ್ನ ಮಟ್ಟಿಗೆ, ಲೋಹ ಒಳಗೆ ಉಳಿದು ಏನು ಮಾಡುತ್ತೆ ಅನ್ನೋದಕ್ಕೆ ಉತ್ತರ ಸಿಗೋ ತನಕ ಬರದಿರೋದೇ ಒಳ್ಳೇದು.

ದಸರಾಕ್ಕೆ ಊರಿಗೆ ಹೋದಾಗ ಇಷ್ಟನ್ನೂ ಚಿಕ್ಕಮ್ಮನಿಗೆ ಹೇಳಿದೆ. "ಅಂದ್ರೆ ನಮ್ಮ ಗೀಸರ್ ಗ್ಯಾಸ್ ಔಷಧಿ ಅಲ್ಲ ತಾನೇ?" ಅಂದ್ರು. ಅಲ್ಲ. ಗ್ಯಾಸ್ ಗೀಸರ್ ಇರಬೇಕಾದ್ದು ಬಚ್ಚಲ ಹೊರಗೆ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಬಾರದು. ಯಾರಾದರೂ ಬಿದ್ದರೆ ಮೊದಲು ಹೊರಗೆ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯೋಕೆ 4–5 ಗಂಟೆ ಬೇಕು, ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇದೆಯಲ್ಲ, ಅದನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ಹಾಗೇ ಕಾಣುತ್ತೆ, 98 ಅಂತ ತೋರಿಸಿಬಿಡುತ್ತೆ.

ಚಿಕ್ಕಮ್ಮನ ಬಚ್ಚಲಲ್ಲಿ ಹಂಡೆ ಒಲೆ ಇದ್ದ ಕಾಲದಲ್ಲಿ ಹೊಗೆ ಹೋಗೋಕೆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಗೀಸರ್ ಬಂದಮೇಲೆ ಹಲ್ಲಿ ಬರುತ್ತೆ ಅಂತ ಅದಕ್ಕೆ ರಟ್ಟು ಹೊಡೆದಿದ್ದರು. ಅವತ್ತು ಸಂಜೆಯೇ ಸ್ಟೂಲ್ ಹತ್ತಿ ರಟ್ಟು ಕಿತ್ತು ಹಾಕಿದೆ. ಗೀಸರ್ ಹೊರಗೆ ಹಾಕೋಕೆ ಪ್ಲಂಬರ್ ಸೋಮವಾರ ಬರ್ತೀನಿ ಅಂದಿದ್ದಾನೆ.