ಮಾತು ಮುಚ್ಚುವ ಸದ್ದು

ಕಚೇರಿಯ ಗೋಡೆ ಕೆಡವಿದವರಿಗೆ ಸದ್ದಿನ ಪರಿವೆಯೇ ಇರಲಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. 1950ರ ದಶಕದ ಕೊನೆಗೆ ಜರ್ಮನಿಯ ಹ್ಯಾಂಬರ್ಗ್ ಹತ್ತಿರದ ಕ್ವಿಕ್‌ಬೋರ್ನ್ ಎಂಬ ಊರಲ್ಲಿ ಎಬರ್‌ಹಾರ್ಡ್ ಮತ್ತು ವೋಲ್ಫ್‌ಗಾಂಗ್ ಶ್ನೆಲ್ಲೆ ಎಂಬ ಸೋದರರು ‘ಬ್ಯೂರೋಲಾಂಡ್‌ಶಾಫ್ಟ್’ ಎಂಬ ಹೊಸ ಬಗೆಯ ಕಚೇರಿಯನ್ನು ರೂಪಿಸಿದರು. ಕಾಗದಪತ್ರ ಯಾರಿಂದ ಯಾರಿಗೆ ಹೋಗುತ್ತದೆ ಎಂಬುದನ್ನು ಗಮನಿಸಿ, ಅದಕ್ಕೆ ತಕ್ಕಂತೆ ಮೇಜುಗಳನ್ನು ಗುಂಪುಗುಂಪಾಗಿ ಹಾಕಿದರು. ಮೇಲಧಿಕಾರಿಗೂ ಗುಮಾಸ್ತರಿಗೂ ಒಂದೇ ಹಜಾರ. ಆದರೆ ಆ ಹಜಾರದ ನೆಲಕ್ಕೆ ಕಾರ್ಪೆಟ್ ಇತ್ತು, ಚಾವಣಿ ಸದ್ದು ಹೀರುವಂಥದ್ದು, ನಡುನಡುವೆ ಗಿಡದ ಕುಂಡಗಳು, ಬಾಗಿದ ಮರೆಗಳು. ಗುಂಪುಗಳ ನಡುವೆ ಸಾಕಷ್ಟು ಜಾಗವನ್ನೂ ಬಿಟ್ಟಿದ್ದರು.

ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯಲ್ಲಿ ರಾಬರ್ಟ್ ಪ್ರಾಪ್ಸ್ಟ್ 1968ರಲ್ಲಿ ಹೊರತಂದ ‘ಆ್ಯಕ್ಷನ್ ಆಫೀಸ್’ ಕೂಡ ಹೀಗೆಯೇ ಉದಾರವಾದ ಯೋಚನೆ. ಮರೆಗಳು 120 ಡಿಗ್ರಿಯಲ್ಲಿ ತೆರೆದುಕೊಂಡಿರಬೇಕು, ಕೂತವರಿಗೆ ತಮ್ಮದೆನ್ನುವ ಜಾಗ ಇರಬೇಕು ಎಂಬುದು ಅವರ ಆಸೆ. ಕೊಂಡ ಕಂಪನಿಗಳು ಅದನ್ನು 90 ಡಿಗ್ರಿಗೆ ಮಡಚಿ ಕ್ಯೂಬಿಕಲ್ ಮಾಡಿದವು. ಮುಂದೆ ಆ ಮರೆಯೂ ಹೋಗಿ ಉದ್ದನೆಯ ಸಾಲು ಮೇಜು ಉಳಿಯಿತು. ಎರಡೂ ಕಡೆ ನಡೆದದ್ದು ಒಂದೇ: ಹಣ ಉಳಿಸುವ ಭಾಗವನ್ನು ಇಟ್ಟುಕೊಂಡರು, ಹಣ ಬೇಡುವ ಭಾಗವನ್ನು ಕೈಬಿಟ್ಟರು. ಇಂದಿನ ಗದ್ದಲದ ಬೇರು ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಟೈಪ್‌ರೈಟರುಗಳ ಖಟಪಟ ಇದ್ದಷ್ಟು ದಿನ ಪಕ್ಕದವರ ಮಾತು ಅದರಡಿ ಮುಚ್ಚಿಹೋಗುತ್ತಿತ್ತು. ಯಂತ್ರಗಳು ಮೌನವಾದಂತೆ ಮಾತು ಮೇಲೆದ್ದು ಬಂತು.

ಮಾತನ್ನು ಅಳೆಯುವ ವಿದ್ಯೆ ಹುಟ್ಟಿದ್ದು ಟೆಲಿಫೋನಿಗಾಗಿ. ತಂತಿಯ ಆಚೆ ಕೇಳುವವರಿಗೆ ಎಷ್ಟು ಅರ್ಥವಾದೀತು ಎಂದು ಲೆಕ್ಕ ಹಾಕುವ ಬಗೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ಕಂಡುಕೊಂಡು, 1947ರಲ್ಲಿ ವಿವರವಾಗಿ ಪ್ರಕಟಿಸಿದರು. 1962ರಲ್ಲಿ ವಿಲಿಯಂ ಕ್ಯಾವನಾ ಮತ್ತು ಅವರ ಮೂವರು ಸಂಗಡಿಗರು ಅದೇ ಲೆಕ್ಕವನ್ನು ತಲೆಕೆಳಗು ಮಾಡಿದರು: ಎಷ್ಟು ಅರ್ಥವಾಗಬಾರದು? ಅವರಿಗೆ ಸಿಕ್ಕ ಉತ್ತರ ಕಟ್ಟಡ ಕಟ್ಟುವವರ ತಿಳಿವಳಿಕೆಯನ್ನೇ ಬದಲಿಸಿತು. ಮಾತಿನ ಗುಟ್ಟು ಕಾಯುವುದು ಗೋಡೆಯೊಂದೇ ಅಲ್ಲ. ಕೇಳುವವರ ಬದಿಯಲ್ಲಿ ಮೊದಲೇ ಇರುವ ಸದ್ದೂ ಅಷ್ಟೇ ಮುಖ್ಯ. ಜೋರು ಮಳೆ ಹೆಂಚಿನ ಮೇಲೆ ಬೀಳುವಾಗ ಜಗಲಿಯ ಮಾತು ಅಡುಗೆಮನೆಗೆ ಕೇಳುವುದಿಲ್ಲವಲ್ಲ, ಹಾಗೆ.

ಮನಶ್ಶಾಸ್ತ್ರಜ್ಞರು ಇನ್ನೊಂದು ಎಳೆ ಸೇರಿಸಿದರು. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬಿಬ್ಬರು, ಜರ್ಮನ್ ಬಾರದವರ ಕಿವಿಗೆ ಜರ್ಮನ್ ಓದು ಕೇಳಿಸುತ್ತ, ಕಣ್ಣಿಗೆ ಅಕ್ಷರಗಳ ಸಾಲು ತೋರಿಸಿ ನೆನಪಿಟ್ಟುಕೊಳ್ಳಲು ಹೇಳಿದರು. ಒಂದು ಪದವೂ ತಿಳಿಯದ ಮಾತು ಕೂಡ ನೆನಪನ್ನು ಕೆಡಿಸಿತು. ಅರ್ಥ ಸೆಳೆಯುತ್ತದೆ, ನಿಜ. ಜೊತೆಗೆ ದನಿಯ ಏರಿಳಿತವೂ ಕಾಡುತ್ತದೆ. ಏರಿಳಿತವೇ ಇಲ್ಲದ ಸದ್ದನ್ನು ಮನಸ್ಸು ಸ್ವಲ್ಪ ಹೊತ್ತಿಗೆ ಬದಿಗಿಡುತ್ತದೆ.

‘ಸೌಂಡ್ ಮಾಸ್ಕಿಂಗ್’ ನಿಂತಿರುವುದು ಇದರ ಮೇಲೆ. ಫಾಲ್ಸ್ ಸೀಲಿಂಗಿನ ಮೇಲೆ ಬಚ್ಚಿಟ್ಟ ಸ್ಪೀಕರುಗಳು ದಿನವಿಡೀ ಏಸಿ ಗಾಳಿಯಂಥ ಸಮನಾದ ಸದ್ದು ಬಿಡುತ್ತವೆ, ಸುಮಾರು 40ರಿಂದ 45 ಡೆಸಿಬಲ್. ಕೀಚಲು ದನಿ ಬಾರದಂತೆ ಮೇಲಿನ ಸ್ವರಗಳನ್ನು ತಗ್ಗಿಸಿರುತ್ತಾರೆ. ಪ್ರಮಾಣ ಮೀರಿದರೆ ಕೆಲಸ ಕೆಟ್ಟಿತು. ಸುತ್ತ ಸದ್ದು ಹೆಚ್ಚಿದಷ್ಟೂ ಮನುಷ್ಯ ತಾನರಿಯದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದರು. ಇನ್ನು ಸದ್ದು ಹೀರದ ಚಾವಣಿಯಡಿ ಮಾಸ್ಕಿಂಗ್ ಒಂದನ್ನೇ ಹಾಕಿಸುವುದು ದುಡ್ಡು ದಂಡ. ಎದುರಿನವರ ಮಾತು ಮರೆಯ ಮೇಲಿಂದ ಹಾರಿ, ಚಾವಣಿಗೆ ಬಡಿದು, ಕೆಳಗಿಳಿಯುತ್ತದೆ. ಮೊದಲು ಚಾವಣಿ, ಆಮೇಲೆ ಕೂತವರ ತಲೆಗಿಂತ ಎತ್ತರದ ಮರೆ, ಕೊನೆಗೆ ಸ್ಪೀಕರು.

ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಗಾಜು, ನುಣುಪು ನೆಲ, ಬೋಳು ಕಾಂಕ್ರೀಟ್ ಚಾವಣಿ ಅಂದವೆನಿಸಿಕೊಂಡಿವೆ. ಮೂರೂ ಸದ್ದನ್ನು ಹಿಂದಕ್ಕೆಸೆಯುವಂಥವು. ಹೆಡ್‌ಫೋನ್ ಕಿವಿಯನ್ನಷ್ಟೇ ಮುಚ್ಚುತ್ತದೆ, ಬಾಯಿಯ ಮಾತಿಗೆ ಮರೆಯಾಗುವುದಿಲ್ಲ. ತಾಯಿಯ ರಕ್ತಪರೀಕ್ಷೆಯ ಫಲಿತಾಂಶ ಕೇಳಲೋ, ಸಾಲದ ಕಂತಿಗೆ ಗಡುವು ಬೇಡಲೋ ಮೆಟ್ಟಿಲ ಬಳಿ ಹೋಗಿ ನಿಲ್ಲುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗೋಡೆ ತೆಗೆದರೆ ಜನ ಬೆರೆಯುತ್ತಾರೆ ಎಂಬ ಸಮರ್ಥನೆಯೂ ಗಟ್ಟಿಯಾಗಿಲ್ಲ: ಹಾರ್ವರ್ಡಿನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಕಚೇರಿಗೆ ಬಂದ ಮೇಲೆ ಮುಖಾಮುಖಿ ಮಾತು ಸುಮಾರು ಶೇ 70ರಷ್ಟು ಕುಸಿದಿತ್ತು.

ಇದನ್ನೆಲ್ಲ ಅಳೆಯುವ ಕೋಲು ಈಗ ಇದೆ. 2012ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 3382-3 ಮಾನದಂಡ ಒಂದು ದೂರವನ್ನು ಹೇಳುತ್ತದೆ: ಮಾತಾಡುವವರಿಂದ ಎಷ್ಟು ದೂರ ಹೋದರೆ ಅವರ ಮಾತು ನಮ್ಮ ಗಮನ ಕೆಡಿಸದಷ್ಟು ಮಸುಕಾಗುತ್ತದೆ ಎಂಬುದು. ಒಳ್ಳೆಯ ಕಚೇರಿಯಲ್ಲಿ ಅದು 5 ಮೀಟರಿನೊಳಗೆ, ಕೆಟ್ಟದ್ದರಲ್ಲಿ 10 ಮೀಟರಿಗೂ ಆಚೆ. ಹೊಸ ಮಹಡಿ ಬಾಡಿಗೆಗೆ ಹಿಡಿಯುವ ಕಂಪನಿಗಳು ಚದರಡಿಯ ದರದ ಜೊತೆಗೆ ಈ ದೂರವನ್ನೂ ಅಳೆಸಿ, ಕರಾರುಪತ್ರದಲ್ಲಿ ಬರೆಸಿಕೊಳ್ಳಲಿ.